ನೋಡಿ ಹೇಳ್ತೀನಿ

ಕ್ಲಾಕ್ಸ್‌ವೀಕ್‌ನ ಅಡುಗೆಮನೆ. ಮೇಜಿನ ಮೇಲೆ ಲ್ಯಾಪ್‌ಟಾಪ್,
ಪಕ್ಕದಲ್ಲಿ ಗಾಳಿಗೆ ಒಣಗಿದ ಮೀನಿನ ತಟ್ಟೆ.
ರಾಕುಲ್ ಸರ್ವರ್ ಎಬ್ಬಿಸಿದಳು.
ಎಂಟು ಸಾವಿರದನೆಯ ಬಾಗಿಲು, ತನ್ನ ಮನೆಯದೇ;
ತಾನೇ ತಟ್ಟಿದಳು, ತಾನೇ ಓಗೊಟ್ಟಳು.

ನಾಳೆ ಬೆಳಿಗ್ಗೆ ಕಾಲ್ಸೊಯ್‌ಗೆ ದೋಣಿ ಉಂಟೇ?
ಇನ್ನೂರು. ಉಂಟು.
ಇಲ್ಲದ ದ್ವೀಪಕ್ಕೆ?
ನಾನೂರ ನಾಲ್ಕು.
ತನ್ನ ಮೂರು ಕುರಿಗಳ ಹೆಸರು ಕೊಟ್ಟಳು, ಟಿಕೆಟ್ ಬಂತು.
ಹೆಸರೇ ಬಿಟ್ಟು ಕಳಿಸಿದಳು, ನಾನೂರು ಎಂದು ಗದರಿತು.
ಎಲ್ಲ ಸರಿಯಾಗಿಯೇ ಇದೆ.
ಅವಳೇ ಬರೆದ ಹನ್ನೆರಡು ಸಾಲಿನ ಕಡಲಲ್ಲಿ
ಅಲೆಯೇ ಇಲ್ಲ.

ಮೇಲಿನ ಮನೆಯ ಹಾನುಸ್ ಬಂದ, ಟೋಪಿ ಒದ್ದೆ.
ನಲವತ್ತು ವರ್ಷ ಬಂದರಿನ ಫೋನೆತ್ತಿದವನು.
ಒಂದೇ ಬೆರಳಲ್ಲಿ ಕುಟ್ಟಿ ಕೇಳಿದ. ಉಂಟು, ಅಂದಿತು.
ಕಿಟಕಿಯಾಚೆ ಗಾಳಿ
ಕುರಿಗಳನ್ನು ಕಲ್ಲುಗೋಡೆಗೆ ಅಂಟಿಸಿತ್ತು.
‘ಇದಕ್ಕೆ ಯಾರು ಹೇಳಿದ್ದು?’
‘ನಾನೇ.’
‘ಅಂದರೆ ಬಡಿಸಿದವಳೂ ನೀನೇ, ಉಂಡು
ರುಚಿ ಅಂದವಳೂ ನೀನೇ.’

ನಕ್ಕಳು, ಅಷ್ಟೇನೂ ಖುಷಿಯಿಂದಲ್ಲ.
‘ನೀವೇನು ಹೇಳ್ತಿದ್ರಿ, ಫೋನಿನಲ್ಲಿ?’
ಆತ ಮೀನು ಮುರಿದ, ಅಗಿದ, ಬಹಳ ಹೊತ್ತು ಅಗಿದ.
‘ಉಂಟು ಅಂದದ್ದು ಕಡಿಮೆ. ಇಲ್ಲ ಅಂದದ್ದೂ.
ಹೆಚ್ಚಾಗಿ, ತಡಿ, ಹೊರಗೆ ನೋಡಿ ಹೇಳ್ತೀನಿ.’

ಸರ್ವರ್ ಮಲಗಿಸಿದಳು. ಏನೋ ಅಳಿಸಿ, ಏನೋ ಸೇರಿಸಿ
ಮತ್ತೆ ಎಬ್ಬಿಸಿದಳು, ಕಾಫಿ ಆರುವಷ್ಟರಲ್ಲಿ.
ತಟ್ಟಿದಳು.
ಇನ್ನೂರ ಎರಡು: ಕೇಳಿಸಿತು,
ಉತ್ತರ ಇನ್ನೂ ಇಲ್ಲ.
ಇಬ್ಬರೂ ಕಿಟಕಿಯ ಕಡೆ ತಿರುಗಿದರು.