ಎಲ್ಲಿ ಸೋರ್ತಾ ಇದೆ?

ಬರ್ಕಾದಿಂದ ಸಲಾಲಾಕ್ಕೆ ಸಾವಿರ ಕಿಲೋಮೀಟರು, ಮೇಲೆ ಚಿಲ್ಲರೆ.
ಬಕ್ರೀದಿನ ಮಾರನೆಯ ದಿನ ಸುಬಹಿ ಮುಗಿಸಿ ಹೊರಟೆವು:
ನಾನು, ಇಲ್ಯಾಸ್, ಹಿಂದಿನ ಸೀಟಿನಲ್ಲಿ ಎರಡು ಮಕ್ಕಳ ನಡುವೆ
ವಿಸಿಟ್ ವೀಸಾದಲ್ಲಿ ಬಂದಿದ್ದ ಅತ್ತೆ ನೆಬೀಸಮ್ಮ,
ಅವರ ಮಡಿಲಲ್ಲಿ ಯಾರಿಗೂ ಮುಟ್ಟಗೊಡದ
ನೈಪತ್ತಿರಿನ ಡಬ್ಬಿ.

ಆದಮ್ ಕಳೆಯಿತು. ಆಮೇಲೆ ಏನೂ ಇಲ್ಲದ ನೆಲ,
ಆಮೇಲೆ ಇನ್ನಷ್ಟು ಏನೂ ಇಲ್ಲ.
ಹೈಮಾದ ಪೆಟ್ರೋಲ್ ಬಂಕಿನಲ್ಲಿ ಅತ್ತೆ ಕಣ್ಣುಬಿಟ್ಟು ಕೇಳಿದರು,
"ಇನ್ನೂ ಇದೇ ದೇಶವಾ?"

ತುಮ್ರೈತ್ ದಾಟಿ ಬೆಟ್ಟದ ಅಂಚಿಗೆ ಬಂದದ್ದೇ ಗಾಜು ಮಸುಕು.
ಎ.ಸಿ. ಕೆಟ್ಟಿತೆಂದೇ ನಾನು ತಿಳಿದದ್ದು.
ಇಲ್ಯಾಸ್ ವೈಪರ್ ಹಾಕಿದ.
ಎರಡು ವರ್ಷ ಬಿಸಿಲಲ್ಲಿ ಬೆಂದ ರಬ್ಬರು
ಮೊದಲ ಬೀಸಿಗೇ ಕಿತ್ತು ಬಂದು
ಗಾಜಿಗೆ ಕರಿಮೀಸೆ ಬರೆಯಿತು.
ಮಕ್ಕಳಿಗೆ ಅಲ್ಲಿಗೇ ಪ್ರವಾಸ ಸಾರ್ಥಕ.

ಇಲ್ಯಾಸನದು ಕಡಲನ್ನು ಕುಡಿಯುವ ನೀರು ಮಾಡುವ ಕೆಲಸ.
ಹದಿಮೂರು ವರ್ಷದ ಪಾಳಿ.
ಜೇಬಿನಲ್ಲಿ ಸದಾ ಪೆನ್ನಿನಂಥ ಒಂದು ಮೀಟರು,
ಯಾರ ಮನೆಯಲ್ಲಿ ಏನು ಕೊಟ್ಟರೂ ಅದ್ದಿ ನೋಡಿಯೇ ಗುಟುಕು.
ನಿಶ್ಚಯದ ದಿನ ನಮ್ಮ ಮನೆಯ ಶರಬತ್ತಿಗೂ ಅದ್ದಿದನೆಂದು
ಅಣ್ಣಂದಿರು ಇವತ್ತಿಗೂ ಹೇಳುತ್ತಾರೆ. ಸುಳ್ಳಿರಬಹುದು.
ನಾನು ಕೇಳಿಲ್ಲ.

ದರ್ಬಾತ್.
ಮಂಜಿನಲ್ಲಿ ಒಂಟೆಗಳು, ಮೊಣಕಾಲಿನ ತನಕ ಹಸಿರು,
ತಪ್ಪು ವಿಳಾಸಕ್ಕೆ ಬಂದವರ ಮುಖ ಹೊತ್ತು.
ಅತ್ತೆ ಎಳನೀರಿನ ರೇಟು ಕೇಳಿ
ರಿಯಾಲನ್ನು ರೂಪಾಯಿಗೆ ಇಳಿಸಿ
ಅಂಗಡಿಯವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ವಾಪಸು ಬಂದರು.
ಮತ್ತೆ ಆ ಬಂಡೆ. ಅದರ ಇಡೀ ಅಗಲಕ್ಕೂ ನೀರು.
ಕೆಳಗೆ ಬೋರ್ಡು: ಇಳಿಯಬಾರದು.
ಆ ನೀರಿನ ಬಸವನಹುಳು ತರುವ ರೋಗದ ಹೆಸರು
ಆಸ್ಪತ್ರೆಯವಳಾದ ನನಗೆ ಗೊತ್ತು,
ರಾಹಿಲನ ಕಾಲರು ಹಿಡಿದೇ ಜಲಪಾತ ನೋಡಿದೆ.

"ಅಬ್ಬಾ, ಇದನ್ನ ಎಷ್ಟು ಗಂಟೆಗೆ ಆಫ್ ಮಾಡ್ತಾರೆ?"
ಶಿಫಾ. ಹೋದ ವರ್ಷ ಖೋರ್ಫಕ್ಕಾನಿನಲ್ಲಿ
ಅವಳು ಕಂಡದ್ದು ಪಂಪಿನ ಜಲಪಾತ.
"ಸೆಪ್ಟೆಂಬರಿಗೆ," ಅಂದ ಇಲ್ಯಾಸ್,
ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಮೀಟರು ಅದ್ದುತ್ತಾ.
"ನಾನೂರ ಎಂಬತ್ತು. ನಮ್ಮದು ನೂರ ಇಪ್ಪತ್ತು."
ಹೆಮ್ಮೆಯಿಂದ ಹೇಳಿದ್ದು,
ಆದರೆ ಎದ್ದು ಹೋಗಲಿಲ್ಲ, ಅಲ್ಲೇ ಕೂತ.

ಆಗ ಫೋನು. ಸ್ಥಾವರದಿಂದ ರೋಡೆಲ್.
ಮೂರನೇ ಪಂಪು ನಿಂತಿದೆ.
ಇಲ್ಯಾಸ್ ಕಿರುಚಿದ: ಒತ್ತಡ ನೋಡು, ವಾಲ್ವ್ ನೋಡು, ಹಾಂ? ಏನು?
ಆ ಕಡೆ ಗಾಬರಿ: "ಸರ್, ಅದೇನು ಸದ್ದು?
ಎಲ್ಲಿ ಸೋರ್ತಾ ಇದೆ?"

ನಗು ತಡೆಯಲಾಗದೆ ಇವನು ಫೋನನ್ನು
ನೀರಿನತ್ತ ಚಾಚಿದ, ತಮಾಷೆಗೆ.
ಮತ್ತೆ ಕಿವಿಗಿಟ್ಟಾಗ ಆ ಕಡೆ ಮಾತಿಲ್ಲ.

ರೋಡೆಲ್ ಸಮಾರ್ ದ್ವೀಪದವನು.
ಅವನ ಮೇಜಿನ ಗಾಜಿನಡಿಯ ಫೋಟೋ ನಾನೂ ನೋಡಿದ್ದೇನೆ:
ಜಲಪಾತದ ಕೆಳಗೆ ಒದ್ದೆ ತಲೆಯ ಹನ್ನೊಂದು ಜನ,
ರಜೆಯ ದಿನ, ಬಾಳೆಲೆಯ ಮೇಲೆ ಅನ್ನ ಮೀನು.
ಅದರಲ್ಲಿ ರೋಡೆಲ್ ಇಲ್ಲ, ತೆಗೆದವನು ಅವನೇ.

"ಪಂಪು?" ಇಲ್ಯಾಸ್ ಕೇಳಿದ.
"ಓಡ್ತಾ ಇದೆ ಸರ್, ಆಗಲೇ.
ಇನ್ನೂ ಸ್ವಲ್ಪ ಹೊತ್ತು ಹಿಡೀತೀರಾ?"

ಹಿಡಿದ. ಕೈ ಸೋತಾಗ ಇನ್ನೊಂದು ಕೈಗೆ ಬದಲಿಸಿ ಹಿಡಿದ.
ಪಕ್ಕದಲ್ಲಿ ಮಿಶ್ಕಾಕ್ ಸುಡುತ್ತಿದ್ದ ಕುಟುಂಬ
ಇವನಿಗೆ ತಲೆ ಕೆಟ್ಟಿದೆ ಎಂಬಂತೆ ನೋಡಿ, ಒಂದು ಕಡ್ಡಿ ಕೊಟ್ಟಿತು.
ಅತ್ತೆ ಎಳೆದೆಳೆದು ಹೆಜ್ಜೆ ಹಾಕುತ್ತಾ ಬಂದರು.
ಯಾರೆಂದು ಕೇಳಲಿಲ್ಲ, ಯಾಕೆಂದೂ.
ತುಂತುರು ತಾಗದ ಹಾಗೆ
ತಮ್ಮ ಶಾಲಿನ ಅಂಚನ್ನು
ಫೋನಿನ ಮೇಲೆ ಹಿಡಿದು ನಿಂತರು.