ನಾಲ್ಕು ಮೊಳೆ

ಹೌದು, ನೋಟಿಸು ಹೊಡೆದವನು ನಾನೇ ಎಂದೆ.
ಬುದೈಯಾ ರಸ್ತೆಯಿಂದ ಒಳಗೆ, ಐನ್ ರುಮ್ಮಾನಿನ ತೋಟ,
ಎಡಗಡೆ ಮೊದಲ ಖರ್ಜೂರದ ಮರ.
ಮೂರು ಮೊಳೆ ಸಾಕಿತ್ತು,
ಗಾಳಿಯಿತ್ತು, ಅದಕ್ಕೆ ಇನ್ನೊಂದು.

ಖರ್ಜೂರದ ಮೈ ಮೊಳೆಗೆ ಎದುರಾಡುವುದಿಲ್ಲ.
ಸುತ್ತಿಗೆಯ ಸದ್ದು ಒಳಗೊಳಗೇ ಇಂಗುತ್ತದೆ,
ಹತ್ತಿ ಅಂಡಿಗೆಗೆ ಗುದ್ದಿದ ಹಾಗೆ.

ಕಾಗದದಲ್ಲಿ ಏನಿತ್ತು?
ಬಲದಿಂದ ಎಡಕ್ಕೆ ಹೊರಟ ಇರುವೆ ಸಾಲು.
ಮುದ್ರೆ ಕೆಳಗೆ ಬರುವಂತೆ ಹಿಡಿದು
ತಲೆಕೆಳಗಾಗದಂತೆ ಹಚ್ಚುತ್ತೇನೆ,
ಅಷ್ಟೇ ನನ್ನ ಓದು.

ಗದಗಿನ ಕನ್ನಡದಲ್ಲಿ ನೆನೆದದ್ದನ್ನು
ಹಿಂದಿಯಲ್ಲಿ ತೊದಲಿದೆ;
ದುಭಾಷಿ ಅದನ್ನು ಅರಬ್ಬಿಗೆ ಸುರಿದ.
ಕೊಡದಿಂದ ಕೊಡಕ್ಕೆ ಎಷ್ಟು ಚೆಲ್ಲಿತೋ.

ಕಂಪನಿಯ ವಕೀಲ ಎದ್ದ.
ಅರವತ್ತು ದಿನದ ಗಡುವು,
ಹಾಜಿ ಮಕ್ಕಿ ಬಂದದ್ದು ತೊಂಬತ್ತೆರಡಕ್ಕೆ.
ಮೇಲಾಗಿ ಜಮೀನು ಅವನದಲ್ಲ, ಗೇಣಿ.
ಅವನಿಗೇನು ಸಂಬಂಧ?

ಹಾಜಿ ಎದ್ದು ಮರಗಳ ಹೆಸರು ಹೇಳತೊಡಗಿದ.
ಖಲಾಸ್, ಖನೇಝಿ, ಮರ್ಝಬಾನ್, ಹಿಲಾಲಿ,
ಆಮೇಲೆ ಅವನ ಅಜ್ಜಿ ಇಟ್ಟ ಹೆಸರುಗಳು,
ಕುಂಟಿ, ಬಾಣಂತಿ, ತಡವಾಗಿ ಬರುವವಳು.
ಹದಿನಾರನೆಯದಕ್ಕೆ ನ್ಯಾಯಾಧೀಶರು ಕೈ ಎತ್ತಿದರು:
ಕಡತಕ್ಕೆ ಇಷ್ಟು ಸಾಕು.

ಗೋಡೆಗೆ ನಕ್ಷೆ ತೂಗುಹಾಕಿದ್ದರು.
ಕಡಲಿಗೂ ಊರಿಗೂ ನಡುವೆ ಹಸಿರು ಪಟ್ಟಿ.
ನನಗೆ ಕಂಡದ್ದು ಉಡಿದಾರ:
ಹುಟ್ಟಿದಾಗ ಕಟ್ಟುವುದು,
ಹಳತಾದರೆ ಹೊಸದು ಕಟ್ಟಿಕೊಂಡ ಮೇಲೇ
ಹಳೆಯದನ್ನು ಕತ್ತರಿಸುವುದು.
ಬರಿಸೊಂಟದಲ್ಲಿ ಒಂದು ಗಳಿಗೆಯೂ ಇರಬಾರದು
ಎನ್ನುತ್ತಿದ್ದಳು ಅವ್ವ.
ಎರಡನೆಯ ನಕ್ಷೆಯಲ್ಲಿ ಐನ್ ರುಮ್ಮಾನಿನ ಹತ್ತಿರ
ಒಂದು ಗೇಣು ಹಳದಿ.

ಹಾಜಿಯ ವಕೀಲೆ ನರ್ಜಿಸ್, ಸಣ್ಣ ದನಿ.
ಒಂದೇ ಪ್ರಶ್ನೆ ಕೇಳಿದಳು:
ಕಾಗದ ಮರದ ಮೇಲೆ ಎಷ್ಟು ದಿನ ಇತ್ತು?

ಹಿಂದಿನ ಬೆಂಚಿನಲ್ಲಿ ನಮ್ಮ ಫೋರ್‌ಮನ್
ಕಾರಿನ ಬೀಗದಕೈ ತಿರುವುತ್ತಿದ್ದ.
ನನ್ನ ಪಾಸ್‌ಪೋರ್ಟು ಅವನ ಕಪಾಟಿನಲ್ಲಿದೆ.
ನೀರು ಕೇಳಿದೆ. ಕೊಟ್ಟರು. ಕುಡಿದೆ.

ಒಂದು ರಾತ್ರಿ, ಎಂದೆ.
ಬೆಳಿಗ್ಗೆ ಯಂತ್ರ ಬಂತು. ಮೊದಲು ಬಿದ್ದದ್ದೇ ಆ ಮರ.
ಓದಬೇಕೆಂದವರು ಟಾರ್ಚು ಹಿಡಿದು
ಅವತ್ತೇ ಬರಬೇಕಿತ್ತು.

ಆಗ ಹಾಜಿ ಗೋಣಿಚೀಲ ಬಿಚ್ಚಿದ.
ಬೋರಲು ಬಿದ್ದ ಮರದಿಂದ ಕೊಯ್ದ ಒಂದು ತುಂಡು.
ಮೂರು ಮೊಳೆ, ಅಲ್ಲ, ನಾಲ್ಕು;
ಗಾಳಿಗೆಂದು ಹೊಡೆದದ್ದರ ಕೆಳಗೆ
ಉಗುರಿನಷ್ಟು ಕಾಗದ, ಮುದ್ರೆಯ ನೀಲಿ.

ತೀರ್ಪು ಬಂತು, ಗೆಲುವೇನಲ್ಲ:
ನೋಟಿಸು ಮತ್ತೆ ಹಾಕಿ, ದಿನ ಮತ್ತೆ ಎಣಿಸಿ.
ಬಿದ್ದ ಇಪ್ಪತ್ತಮೂರು ಮರಗಳಿಗೆ
ಅದರಲ್ಲಿ ಸಾಲಿರಲಿಲ್ಲ.

ಮತ್ತೆ ನನ್ನನ್ನೇ ಕಳಿಸಿದರು.
ಈ ಸಲ ಕಬ್ಬಿಣದ ಕಂಬ, ತಗಡಿನ ಹಲಗೆ.
ಫೋರ್‌ಮನ್ ದಾರಿಯುದ್ದಕ್ಕೂ ಮಾತಾಡಲಿಲ್ಲ.
ಗುಂಡಿ ತೋಡಿದೆ; ಮೊಣಕೈ ಆಳಕ್ಕೇ ಮಣ್ಣು ತೇವ.

ಹಾಜಿ ಬಂದು ಹಲಗೆಯ ಮುಂದೆ ನಿಂತ,
ಬೆರಳಿಟ್ಟು ಗಟ್ಟಿಯಾಗಿ ಓದಿದ,
ನಿಂತು ನಿಂತು ಹರಕು ಹಿಂದಿಯಲ್ಲಿ ನನಗೂ ಹೇಳಿದ.
ಎಂಟು ವರ್ಷದಲ್ಲಿ ನಾನು ಹಚ್ಚಿದ ಕಾಗದವೊಂದು
ಮೊದಲ ಸಲ ನನ್ನ ಕಿವಿಗೆ ಬಿತ್ತು.

ಆಮೇಲೆ ಕಂಬವನ್ನು ತಾನೇ ನೆಟ್ಟಗೆ ಹಿಡಿದ.
ಅರವತ್ತು ದಿನ ಬೀಳಬಾರದು, ಎಂದ.
ಕಾಲಿನಿಂದ ಮಣ್ಣು ಅದುಮಿ
ಬುಡಕ್ಕೆ ಒಂದು ತಂಬಿಗೆ ನೀರು ಹೊಯ್ದ.

ಕಬ್ಬಿಣಕ್ಕೇಕೆ ನೀರು, ಎಂದೆ.
ಮಣ್ಣು ಕುಳಿತುಕೊಳ್ಳಲಿ, ಎಂದ.