ನೆಲಕ್ಕಿಳಿಸಿ ಬಿಗಿ

ಹೊಸ ಸ್ಪ್ರಿಂಗು, ಹೊಸ ಶಾಕು, ನಾಲ್ಕಕ್ಕೆ ನಾಲ್ಕೂ.
ಜ್ಯಾಕಿಯಿಂದ ಇಳಿದ ಗಾಡಿ ನೋಡಿದರೆ
ಹಿಂದೆ ಎತ್ತಿಕೊಂಡು, ಮೂತಿ ತಗ್ಗಿಸಿ,
ಹಾಯಲು ಬಂದ ಹೋರಿ.

"ಹೋರಿಯಲ್ಲ, ಬೆದೆಗೆ ಬಂದ ಕಡಸು" ಅಂದಳು ಮುನಿರತ್ನ,
ಸ್ಕೂಟಿ ನಿಲ್ಲಿಸದೆಯೇ.

ಶ್ರೀನಿವಾಸಪುರದ ಮಾವಿನ ಮಂಡಿ ಹಿಂದೆ
ಬಾಬಾಜಾನ್ ಗ್ಯಾರೇಜು.
ಸೀಸನ್ ಮುಗಿದು ಕ್ರೇಟುಗಳು ಗೋಡೆಯೆತ್ತರ ಖಾಲಿ.
ನೆಲದಲ್ಲಿ ಆಯಿಲು, ಒಣಹುಲ್ಲು, ಯಾರೋ ಚೀಪಿ ಎಸೆದ ಗೊರಟು.

ಚಕ್ರದ ಮೇಲಿನ ಕಮಾನಿಗೆ ಕೈ ತೂರಿಸಿದೆ.
ತೂರಿಸುವುದು ನನಗೆ ಹೊಸದಲ್ಲ:
ಮೂವತ್ತೊಂದು ವರ್ಷ, ರೋಣೂರಿಂದ ರಾಯಲ್ಪಾಡಿನ ತನಕ
ಎಷ್ಟು ಹಸುಗಳ ಬಸಿರನ್ನು, ಭುಜದವರೆಗೂ ಒಳಗಿಳಿದು,
ಕತ್ತಲಲ್ಲೇ ಬೆರಳಿಂದ ಓದಿದ್ದೇನೆ.
ಮುಂದೆ ಮೂರು ಬೆರಳು.
ಹಿಂದೆ ಇಡೀ ಮುಷ್ಟಿ, ಅದರ ಮೇಲೆ ಹೆಬ್ಬೆರಳು ನಿಂತರೂ ಜಾಗ.

"ಕೂತ್ಕಂತದೆ ಡಾಕ್ಟ್ರೇ," ಅಂದ ಬಾಬಾಜಾನ್,
"ಐನೂರು ಕಿಲೋಮೀಟ್ರು ಓಡಿಸಿ, ತಾನೇ ಕೂತ್ಕಂತದೆ."
ಡಾಕ್ಟ್ರಲ್ಲ ನಾನು. ಇನ್ಸ್‌ಪೆಕ್ಟರು, ಅದೂ ನಿವೃತ್ತ.
ತಿದ್ದುವುದನ್ನು ಬಿಟ್ಟು ಬಹಳ ಕಾಲವಾಯಿತು.

ಓಡಿಸಿದೆ. ಚಿಂತಾಮಣಿಗೆ, ಮುಳಬಾಗಿಲಿಗೆ,
ಕೆಲಸವಿಲ್ಲದೆ ಯಲ್ದೂರಿಗೆ ಎರಡು ಸಲ.
ರಾತ್ರಿ ದೀಪ ಹಾಕಿದರೆ ಬೆಳಕು ಬಂಪರಿನ ಮುಂದೆಯೇ ಬಿದ್ದು
ಜಲ್ಲಿ ಎಣಿಸುತ್ತಿತ್ತು.
ಮೊದಲಾದರೆ ಹುಣಸೆಮರಗಳ ನೆತ್ತಿಗೆ ಹೊಡೆಯುತ್ತಿತ್ತು,
ಎದುರಿನ ಲಾರಿಯವರು ಬೈದು ಬೈದು ಹೋಗುತ್ತಿದ್ದರು.
ಯಾಕೆಂದರೆ ಹಿಂದೆ ಆಗ ನೈಟ್ರೋಜನ್ ಜಾಡಿ,
ಗೋಣಿ ಸುತ್ತಿ, ಹಗ್ಗ ಬಿಗಿದು,
ಹೊಗೆಯಾಡುವ ಚಳಿಯೊಳಗೆ ಇನ್ನೂ ಹುಟ್ಟದ ಕರುಗಳು;
ಪಕ್ಕದಲ್ಲಿ ಖನಿಜ ಮಿಶ್ರಣದ ಮೂಟೆ, ಗಂಬೂಟು,
ಬೇಡವೆಂದರೂ ಯಾರೋ ಒಳಗಿಟ್ಟು ಬಾಗಿಲು ಹಾಕಿದ ಕುಂಬಳಕಾಯಿ.

ಹದಿನೇಳು ವರ್ಷ ನನ್ನ ಮಾರುತಿ ಹಿಂದಕ್ಕೆ ಕುಸಿದುಕೊಂಡೇ ಓಡಿತು.
ನಾನು ಅದನ್ನೇ ಗಾಡಿಯ ಎತ್ತರ ಅಂದುಕೊಂಡಿದ್ದೆ.

ಆರುನೂರ ನಲವತ್ತು ಕಿಲೋಮೀಟರಿಗೆ ಮತ್ತೆ ಅಳೆದೆ,
ಈ ಸಲ ಟೇಪು ಹಿಡಿದು, ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ.
ಒಂದು ನೂಲೂ ಇಳಿದಿಲ್ಲ.
ಎರಡು ಮೂಟೆ ಬೂಸಾ ತಂದು ಹಿಂದೆ ಹಾಕಿದೆ.
ಇಳಿಯಿತು. ಹಳೆಯ ಫೋಟೋದಲ್ಲಿ ನಿಂತ ಹಾಗೇ ನಿಂತಿತು.
ಆದರೆ ಮನೆಯಲ್ಲಿ ಹಸುವಿಲ್ಲ. ಬೂಸಾ ಯಾರಿಗೆ?

ಕೊನೆಗೆ ಅಡಿಗೆ ನುಸುಳಿದ್ದು ಬಾಬಾಜಾನನ ತಂಗಿ ಮಗಳು ನಫೀಸಾ,
ಕೋಲಾರದಲ್ಲಿ ಐಟಿಐ, ಎರಡನೇ ವರ್ಷ.
ಚಪ್ಪಲಿ ಮಾತ್ರ ಕಾಣುತ್ತಿತ್ತು, ಆಮೇಲೆ ದನಿ:
"ಮಾಮೂ, ಬುಷ್ಷಿನ ಬೋಲ್ಟು ಯಾವಾಗ ಬಿಗಿದ್ರಿ?"
"ಜ್ಯಾಕಿ ಮೇಲಿದ್ದಾಗ."
"ಚಕ್ರ ನೇತಾಡ್ತಿದ್ದಾಗ ಬಿಗಿದ್ರೆ
ರಬ್ಬರು ಅದನ್ನೇ ನಿಂತಿರೋದು ಅಂದ್ಕೊಂಡ್ಬಿಡ್ತದೆ.
ಸಡಿಲ ಮಾಡಿ, ನೆಲದ ಮೇಲೆ ನಿಲ್ಲಿಸಿ,
ತನ್ನ ಭಾರ ತಾನು ಹೊತ್ಕೊಳ್ಳಲಿ. ಆಮೇಲೆ ಬಿಗೀರಿ."

ಬಾಬಾಜಾನ್ ಮಾತಾಡಲಿಲ್ಲ, ಹದಿನೇಳರ ಸ್ಪ್ಯಾನರು ಹುಡುಕಿದ.

ಬೋಲ್ಟು ಸಡಿಲಾದಾಗ ಗಾಡಿ ಒಂದು ಸದ್ದು ಮಾಡಿತು,
ಮೆಲುಕು ಹಾಕುವ ಮುಂಚೆ ದನ ಬಿಡುವ ಉಸಿರಿನಂಥದು.
ಡಿಕ್ಕಿಯ ಅಂಚು ಹಿಡಿದು ಎರಡು ಸಲ ಅದುಮಿ ಬಿಟ್ಟೆವು, ನಿಂತಿತು.
ಬಿಗಿದರು. ಕೈ ತೂರಿಸಿದೆ:
ಮುಂದೆ ಮೂರು, ಹಿಂದೆ ನಾಲ್ಕು.
ಆ ಒಂದು ಬೆರಳು ಜಾಡಿಯದು. ಇರಲಿ ಬಿಡು ಅಂದೆ.

ರಾತ್ರಿ ದಳಸನೂರು ದಾಟಿ ಬರುವಾಗ
ಬೆಳಕು ಹುಣಸೆಗೆ ಏರಲಿಲ್ಲ, ಜಲ್ಲಿಗೆ ಬೀಳಲಿಲ್ಲ;
ರಸ್ತೆ ದಾಟುತ್ತಿದ್ದ ಮಿಶ್ರತಳಿಯೊಂದರ
ಹೊಟ್ಟೆಯ ಮೇಲೆ ನೇರ ನಿಂತಿತು.
ಬ್ರೇಕು ತುಳಿದೆ. ಅದು ಅವಸರ ಮಾಡಲಿಲ್ಲ.
ಕಾರಲ್ಲಿ ಇನ್ಯಾರೂ ಇರಲಿಲ್ಲ,
ಆದರೂ ಗಟ್ಟಿಯಾಗಿಯೇ ಅಂದೆ:
ಏಳು ತಿಂಗಳು.